ಮೆಟಾಮೆಟೀರಿಯಲ್ ಸಿಮ್ಯುಲೇಶನ್‌ನಲ್ಲಿ ಗಡಿ ಷರತ್ತುಗಳು: ಗೋಡೆಯಾಚೆ ಏನಿದೆ ಎಂಬಲ್ಲಿಂದ ಆರಂಭಿಸುವ ಸಮಗ್ರ ಮಾರ್ಗದರ್ಶಿ

ಮೆಟಾಮೆಟೀರಿಯಲ್ ಎಂದರೆ ಒಂದೇ ಸಣ್ಣ ರಚನೆಯನ್ನು ಸಾಲುಸಾಲಾಗಿ ಮತ್ತೆ ಮತ್ತೆ ಇಟ್ಟು, ಅಲೆಗಳು ಬೇಕಾದಂತೆ ವರ್ತಿಸುವ ಹಾಗೆ ಕಟ್ಟಿದ ಕೃತಕ ವಸ್ತು. ಆ ಸಾಲಿನ ಒಂದು ಘಟಕವನ್ನು, ಅಂದರೆ ಯೂನಿಟ್ ಸೆಲ್ ಅಥವಾ ಕೋಶವನ್ನು ಬಿಡಿಸಿ, ಸುತ್ತಲಿನ ಪೆಟ್ಟಿಗೆಗೆ ಏನೋ ಒಂದು ಗಡಿ ಷರತ್ತು (ಗೋಡೆಯಲ್ಲಿ ಕ್ಷೇತ್ರಗಳು ಹೇಗಿರಬೇಕೆಂಬ ನಿಯಮ) ಕೊಟ್ಟು ಓಡಿಸಿದರೆ ಉತ್ತರ ಬಂದೇ ಬರುತ್ತದೆ. ತೊಂದರೆ ಇರುವುದು ಅಲ್ಲಿಯೇ. ಪೋರ್ಟ್, ಅಂದರೆ ಅಲೆ ಒಳಬರುವ ಮತ್ತು ಹೊರಹೋಗುವ ತಲ, ಕೊಡಲು ಮರೆತರೆ ತಂತ್ರಾಂಶ ಓಡಲು ಒಪ್ಪುವುದಿಲ್ಲ. ಪಕ್ಕದ ಗೋಡೆಗೆ ತಪ್ಪು ಷರತ್ತು ಕೊಟ್ಟರೆ ಮಾತ್ರ ಅದು ತುಟಿ ಬಿಚ್ಚುವುದಿಲ್ಲ. ಅನುರಣನದ ಕಣಿವೆ ಅಂದವಾಗಿ ಮೂಡುತ್ತದೆ, ಶಕ್ತಿಯ ಲೆಕ್ಕವೂ ಒಂದಕ್ಕೆ ಸರಿಹೋಗುತ್ತದೆ. ಆದರೆ ಅದು ನೀವು ಬಿಡಿಸಿದ ರಚನೆಯ ಉತ್ತರವಾಗಿರುವುದಿಲ್ಲ. ಮಾದರಿಯನ್ನು ತಯಾರಿಸಿ ಅಳತೆ ಮಾಡಿದಾಗಲೇ ಅನುರಣನ ಬೇರೆಲ್ಲೋ ಇದೆ ಎಂಬುದು ಗೊತ್ತಾಗುತ್ತದೆ.

ಪೆಟ್ಟಿಗೆಯ ಪ್ರತಿಯೊಂದು ಗೋಡೆಯೂ ತನ್ನ ಆಚೆ ಏನಿದೆ ಎಂದು ಹೇಳುತ್ತದೆ. ಪರಿಪೂರ್ಣ ವಿದ್ಯುತ್ ವಾಹಕದ ಗೋಡೆ, ಅಂದರೆ ಪಿಇಸಿ, ‘ಆಚೆ ಇದರದೇ ಪ್ರತಿಬಿಂಬವಿದೆ, ವಿದ್ಯುತ್ ಕ್ಷೇತ್ರ ನನಗೆ ಲಂಬವಾಗಿದೆ’ ಎನ್ನುತ್ತದೆ. ಪರಿಪೂರ್ಣ ಕಾಂತ ಗೋಡೆಯಾದ ಪಿಎಂಸಿ ಅದೇ ಮಾತನ್ನು ಕಾಂತಕ್ಷೇತ್ರದ ಬಗ್ಗೆ ಹೇಳುತ್ತದೆ. ಆವರ್ತಕ ಗಡಿ ‘ಆಚೆಯೂ ಇದೇ ಕೋಶ, ಇದೇ ದಿಕ್ಕಿನಲ್ಲಿ ಮತ್ತೆ ಇದೆ’ ಎನ್ನುತ್ತದೆ. ಫ್ಲೋಕೆ ಗಡಿ ಅದರ ಮೇಲೆ ಒಂದು ಫೇಸ್ ಅಂತರವನ್ನು ಸೇರಿಸುತ್ತದೆ; ಫೇಸ್ ಎಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದು. ಹೀರುವ ಪದರವಾದ ಪಿಎಂಎಲ್ ‘ಆಚೆ ಕೊನೆಯಿಲ್ಲದ ಬಯಲು’ ಎನ್ನುತ್ತದೆ. ಈ ಐದರಲ್ಲಿ ಯಾವುದು ನಿಜ ಎಂಬುದನ್ನು ಪ್ರತಿ ಗೋಡೆಗೂ ತೀರ್ಮಾನಿಸುವುದೇ ಇಲ್ಲಿಯ ಕೆಲಸ. ಉಳಿದದ್ದು ಮೆನು ಹುಡುಕುವ ಕೆಲಸ.

## ಕೈಯಲ್ಲಿ ಇರಬೇಕಾದುದು

ಸಿಎಸ್‌ಟಿ, ಎಚ್‌ಎಫ್‌ಎಸ್‌ಎಸ್, ಕಾಮ್ಸಾಲ್, ಲುಮೆರಿಕಲ್, ಮೀಪ್ ಇವುಗಳಲ್ಲಿ ಯಾವುದಾದರೂ ಸಾಕು. ಮೀಪ್ ಮುಕ್ತ ತಂತ್ರಾಂಶ. ಒಂದೇ ಕೆಲಸಕ್ಕೆ ಇವುಗಳಲ್ಲಿ ಬೇರೆ ಬೇರೆ ಹೆಸರುಗಳಿವೆ: ಎಚ್‌ಎಫ್‌ಎಸ್‌ಎಸ್ ಪ್ರೈಮರಿ–ಸೆಕೆಂಡರಿ ಎಂದು ಕರೆಯುವ ಜೋಡಿಯನ್ನು ಸಿಎಸ್‌ಟಿ ಯೂನಿಟ್ ಸೆಲ್ ಎನ್ನುತ್ತದೆ, ಕಾಮ್ಸಾಲ್ ಪೀರಿಯಾಡಿಕ್ ಕಂಡಿಷನ್ ಎನ್ನುತ್ತದೆ, ಲುಮೆರಿಕಲ್ ಬ್ಲಾಕ್ (Bloch) ಎನ್ನುತ್ತದೆ. ಇವುಗಳ ಜೊತೆಗೆ ಕಾಗದ, ಪೆನ್ಸಿಲ್ ಮತ್ತು ಸೈನ್ ಗುಂಡಿಯಿರುವ ಒಂದು ಕ್ಯಾಲ್ಕುಲೇಟರ್ ಬೇಕು.

ಕೆಳಗಿನ ಲೆಕ್ಕಗಳಲ್ಲೆಲ್ಲ 10 ಮಿಮೀ ಬದಿಯ ಚೌಕ ಕೋಶವನ್ನೇ ಬಳಸಿದ್ದೇನೆ. 10 ಗಿಗಾಹರ್ಟ್ಸ್‌ನಲ್ಲಿ ಗಾಳಿಯ ತರಂಗದೂರ ಸುಮಾರು 30 ಮಿಮೀ. ಬೇರೆ ಅಳತೆಗಳಿಗೆ ಅದೇ ಪ್ರಮಾಣದಲ್ಲಿ ಹಿಗ್ಗಿಸಿ ಅಥವಾ ಕುಗ್ಗಿಸಿಕೊಳ್ಳಬಹುದು.

## ಹಂತ 1: ತಂತ್ರಾಂಶ ತೆರೆಯುವ ಮೊದಲು ಮೂರು ಬಾಣ ಬರೆಯಿರಿ

ಕೋಶದ ಚಿತ್ರದ ಮೇಲೆ ಅಲೆ ಸಾಗುವ ದಿಕ್ಕು, ವಿದ್ಯುತ್ ಕ್ಷೇತ್ರದ ದಿಕ್ಕು, ಕಾಂತಕ್ಷೇತ್ರದ ದಿಕ್ಕು, ಈ ಮೂರನ್ನು ಬಾಣಗಳಾಗಿ ಬರೆಯಿರಿ. ಅಲೆಯ ದಿಕ್ಕಿಗೆ ಅಡ್ಡಲಾಗಿ ಎರಡು ಜೋಡಿ ಪಕ್ಕದ ಗೋಡೆಗಳು ಉಳಿಯುತ್ತವೆ. ಅಲೆ ಹೊಕ್ಕು ಹೊರಡುವ ಎರಡು ಗೋಡೆಗಳು ತುದಿಗಳು.

ನಂತರ ಪ್ರತಿ ಜೋಡಿಗೂ ಒಂದು ಪ್ರಶ್ನೆ ಕೇಳಿ: ಆ ಗೋಡೆಗಳಿಗೆ ಸಮಾನಾಂತರವಾಗಿ ಕೋಶದ ನಡುವೆ ಕನ್ನಡಿ ಇಟ್ಟರೆ ಎರಡು ಅರ್ಧಗಳೂ ಒಂದನ್ನೊಂದು ಹೋಲುತ್ತವೆಯೇ? ಇದಕ್ಕೆ ಹೌದು ಅಥವಾ ಇಲ್ಲ ಎಂದು ಚಿತ್ರದ ಪಕ್ಕದಲ್ಲೇ ಬರೆದಿಡಿ. ಲೋಹದ ಆಕಾರವನ್ನಷ್ಟೇ ನೋಡಿದರೆ ಸಾಲದು. ಸಬ್‌ಸ್ಟ್ರೇಟ್, ಅಂದರೆ ಲೋಹವನ್ನು ಹೊತ್ತ ಆಧಾರ ಫಲಕ, ಒಂದೇ ಕಡೆ ಇದೆಯೇ, ತಂತಿ ಯಾವ ಮುಖದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಕ್ರಮವೂ ಮುಖ್ಯ. ಮೊದಲು ಪಕ್ಕದ ಗೋಡೆಗಳು, ಆಮೇಲೆ ತುದಿಗಳು. ಪಕ್ಕದ ಗೋಡೆಗಳು ಏನೆಂಬುದನ್ನು ನೋಡಿಯೇ ಪೋರ್ಟ್ ತನ್ನ ಮೋಡ್‌ಗಳನ್ನು, ಅಂದರೆ ಅಲ್ಲಿ ಇರಬಲ್ಲ ಅಲೆಯ ವಿನ್ಯಾಸಗಳನ್ನು, ಲೆಕ್ಕ ಹಾಕುತ್ತದೆ. ಗೋಡೆ ಬದಲಿಸಿದ ಮೇಲೆ ಪೋರ್ಟ್‌ನ ಮೋಡ್ ಚಿತ್ರವನ್ನು ಮತ್ತೆ ತೆರೆದು ನೋಡದವರೇ ಹೆಚ್ಚು.

## ಹಂತ 2: ಪಕ್ಕದ ಗೋಡೆಗಳು: ಪ್ರತಿಬಿಂಬವೋ ಪ್ರತಿಯೋ

ಅಲೆ ನೇರವಾಗಿ ಬೀಳುತ್ತಿದ್ದು, ಧ್ರುವೀಕರಣ ಒಂದೇ ನೇರ ದಿಕ್ಕಿನಲ್ಲಿದ್ದು, ಎರಡೂ ಜೋಡಿಗಳಿಗೆ ‘ಹೌದು’ ಎಂಬ ಉತ್ತರ ಬಂದಿದ್ದರೆ ಪಿಇಸಿ ಮತ್ತು ಪಿಎಂಸಿ ಗೋಡೆಗಳನ್ನು ಧೈರ್ಯವಾಗಿ ಬಳಸಬಹುದು. ವಿದ್ಯುತ್ ಕ್ಷೇತ್ರದ ಬಾಣ ಯಾವ ಗೋಡೆಗಳಿಗೆ ಲಂಬವಾಗಿದೆಯೋ ಅವುಗಳಿಗೆ ಪಿಇಸಿ. ಕಾಂತಕ್ಷೇತ್ರದ ಬಾಣ ಯಾವುದಕ್ಕೆ ಲಂಬವೋ ಅವುಗಳಿಗೆ ಪಿಎಂಸಿ. ಆಗ ಕೋಶ ಒಂದು ಸಮಾನಾಂತರ ಫಲಕಗಳ ತರಂಗನಾಳವಾಗುತ್ತದೆ, ಬಯಲಿನ ಸಮತಲ ಅಲೆ ಅದರೊಳಗೆ ಹಾಗೆಯೇ ಸಾಗುತ್ತದೆ. ಲೆಕ್ಕ ಬೇಗ ಮುಗಿಯುತ್ತದೆ, ಅಲೆಯನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಟೈಮ್ ಡೊಮೈನ್ ಸಾಲ್ವರ್‌ನಲ್ಲೂ ನಡೆಯುತ್ತದೆ.

ನಾಲ್ಕೂ ಗೋಡೆಗಳಿಗೆ ಪಿಇಸಿ ಕೊಡುವುದು ತೀರಾ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದರೆ ಕೋಶ ಆಯತಾಕಾರದ ಲೋಹದ ನಾಳವಾಗುತ್ತದೆ. 10 ಮಿಮೀ ಚೌಕ ನಾಳದ ಮೊದಲ ಮೋಡ್ 15 ಗಿಗಾಹರ್ಟ್ಸ್‌ಗಿಂತ ಕೆಳಗೆ ಸಾಗುವುದೇ ಇಲ್ಲ. ಅದಕ್ಕಿಂತ ಕೆಳಗೆ, ದಾಟಿಹೋದ ಅಲೆಯ ಪ್ರಮಾಣವಾದ ಎಸ್21 ಸೊನ್ನೆಯ ಹತ್ತಿರ ಬಿದ್ದಿರುವುದನ್ನು ಕಂಡು ‘ನನ್ನ ರಚನೆ ಅಲೆಯನ್ನು ತಡೆಯುತ್ತಿದೆ’ ಎಂದು ಸಂಭ್ರಮಿಸುವುದು ಸುಲಭ. ತಡೆದದ್ದು ರಚನೆಯಲ್ಲ, ಗೋಡೆ.

ಇನ್ನು ಸೂಕ್ಷ್ಮವಾದ ತಪ್ಪಿಗೆ ಬರೋಣ. ನಾನು ಈ ಮಾರ್ಗದರ್ಶಿ ಬರೆಯಲು ಮುಖ್ಯ ಕಾರಣವೇ ಇದು. ಸೀಳುಂಗುರ, ಅಂದರೆ ಸ್ಪ್ಲಿಟ್ ರಿಂಗ್ ರೆಸೊನೇಟರ್, ಮತ್ತು ತಂತಿ ಇರುವ ಪ್ರಸಿದ್ಧ ಕೋಶವನ್ನೇ ತೆಗೆದುಕೊಳ್ಳಿ. ಅಲೆ ಬೋರ್ಡಿನ ಮುಖಕ್ಕೆ ಸಮಾನಾಂತರವಾಗಿ ಸಾಗುತ್ತದೆ, ಕಾಂತಕ್ಷೇತ್ರ ಉಂಗುರದ ಒಳಗೆ ಹಾದುಹೋಗುತ್ತದೆ, ವಿದ್ಯುತ್ ಕ್ಷೇತ್ರ ತಂತಿಯ ಉದ್ದಕ್ಕೂ ಇರುತ್ತದೆ. ಬೋರ್ಡಿನ ಒಂದು ಮುಖದಲ್ಲಿ ಉಂಗುರ, ಇನ್ನೊಂದು ಮುಖದಲ್ಲಿ ತಂತಿ. ಬೋರ್ಡಿಗೆ ಸಮಾನಾಂತರವಾದ ಗೋಡೆಗಳಿಗೆ ಪಿಎಂಸಿ ಕೊಡುವುದು ವಾಡಿಕೆ, ಏಕೆಂದರೆ ಕಾಂತಕ್ಷೇತ್ರ ಅವುಗಳಿಗೆ ಲಂಬವಾಗಿದೆ. ಕ್ಷೇತ್ರಗಳ ದಿಕ್ಕಿನ ಮಟ್ಟಿಗೆ ಅದು ಸರಿ. ಆದರೆ ಕೋಶದ ನಡುವೆ ಬೋರ್ಡಿಗೆ ಸಮಾನಾಂತರವಾಗಿ ಕನ್ನಡಿ ಇಟ್ಟರೆ ಉಂಗುರದ ಎದುರು ತಂತಿ ಇದೆ, ಉತ್ತರ ‘ಇಲ್ಲ’.

ಆಗ ಪಿಎಂಸಿ ಏನು ಮಾಡುತ್ತದೆ? ನೀವು ಕಟ್ಟಲಿರುವುದು ಉಂಗುರ–ತಂತಿ, ಉಂಗುರ–ತಂತಿ, ಉಂಗುರ–ತಂತಿ ಎಂಬ ಸಾಲು. ಸಿಮ್ಯುಲೇಶನ್ ಲೆಕ್ಕ ಹಾಕುವುದು ಉಂಗುರ–ತಂತಿ, ತಂತಿ–ಉಂಗುರ, ಉಂಗುರ–ತಂತಿ ಎಂಬ ಸಾಲನ್ನು. ಅದರಲ್ಲಿ ಒಂದು ಗೋಡೆಯ ಬಳಿ ಉಂಗುರಕ್ಕೆ ಉಂಗುರವೇ ಎದುರಾಗುತ್ತದೆ, ಇನ್ನೊಂದರ ಬಳಿ ತಂತಿಗೆ ತಂತಿ. ನೆರೆಯ ಉಂಗುರಗಳ ನಡುವಿನ ಅಂತರ ಬದಲಾದಾಗ ಅವುಗಳ ಕಾಂತೀಯ ಹೆಣಿಗೆಯೂ ಬದಲಾಗಿ ಅನುರಣನ ಸರಿಯುತ್ತದೆ. ಬೋರ್ಡುಗಳು ಹತ್ತಿರ ಹತ್ತಿರ ಇದ್ದಷ್ಟೂ ಈ ಸರಿತ ದೊಡ್ಡದು. ಉಂಗುರದ ಸೀಳು ಎಲ್ಲಿದೆ ಎಂಬುದೂ ಹೀಗೆಯೇ ಕಾಡುತ್ತದೆ. ವಿದ್ಯುತ್ ಕ್ಷೇತ್ರಕ್ಕೆ ಸಮಾನಾಂತರವಾದ ತೋಳಿನ ನಡುವೆ ಸೀಳಿದ್ದರೆ ಪಿಇಸಿ ಗೋಡೆಗಳ ಮಟ್ಟಿಗೆ ಸಮಮಿತಿ ಉಳಿಯುತ್ತದೆ. ಉಂಗುರವನ್ನು 90 ಡಿಗ್ರಿ ತಿರುಗಿಸಿದರೆ ಅದು ಹೋಗುತ್ತದೆ.

ಪ್ರತಿಬಿಂಬದಿಂದ ನಿಜವಾದ ಆವರ್ತನೆಯ ಉದ್ದ ಎರಡು ಪಟ್ಟಾಗುತ್ತದೆ ಎಂಬುದನ್ನೂ ಗಮನಿಸಿ. 10 ಮಿಮೀ ಕೋಶಕ್ಕೆ 30 ಗಿಗಾಹರ್ಟ್ಸ್‌ನಲ್ಲಿ ಬರಬೇಕಿದ್ದ ಮೇಲಿನ ಮೋಡ್‌ಗಳು ಸಮಮಿತಿಯಿಲ್ಲದ ಕೋಶದಲ್ಲಿ 15 ಗಿಗಾಹರ್ಟ್ಸ್‌ಗೇ ಕಾಣಿಸಿಕೊಳ್ಳಬಹುದು.

ಒಂದಾದರೂ ಜೋಡಿಗೆ ‘ಇಲ್ಲ’ ಎಂದಿದ್ದರೆ ಆವರ್ತಕ ಗಡಿಯೇ ಬೇಕು. ಅಲೆ ಓರೆಯಾಗಿ ಬೀಳುತ್ತಿದ್ದರೂ, ಕೈಬದಿಯಿರುವ, ಅಂದರೆ ಕೈರಲ್ ರಚನೆಯಾದರೂ, ಅಡ್ಡ ಧ್ರುವೀಕರಣವನ್ನು ನೋಡಬೇಕಿದ್ದರೂ ಅದೇ ಬೇಕು. ಪಿಇಸಿ–ಪಿಎಂಸಿ ನಾಳದ ಮೂಲ ಮೋಡ್ ಒಂದೇ ಒಂದು, ಅದರ ಧ್ರುವೀಕರಣವೂ ಒಂದೇ. ಧ್ರುವೀಕರಣವನ್ನು ತಿರುಗಿಸುವ ರಚನೆಗೆ ಆ ನಾಳದಲ್ಲಿ ತಿರುಗಿದ ಅಲೆಯನ್ನು ಕಳಿಸಲು ದಾರಿಯೇ ಇರುವುದಿಲ್ಲ. ಸಂದೇಹವಿದ್ದಾಗ ಆವರ್ತಕ ಗಡಿಯನ್ನೇ ಆರಿಸಿ ಎಂಬುದು ನನ್ನ ಖಚಿತ ಸಲಹೆ. ಉಳಿಯುವ ಸಮಯಕ್ಕಿಂತ ತಪ್ಪು ಉತ್ತರದ ಬೆಲೆ ಹೆಚ್ಚು.

ತಂತಿಯ ಬಗ್ಗೆ ಇನ್ನೊಂದು ಮಾತು. ಉದ್ದಕ್ಕೂ ಸಾಗುವ ತಂತಿಯನ್ನು ಬಿಡಿಸುವಾಗ ಅದರ ಎರಡು ತುದಿಗಳೂ ಗೋಡೆಗಳನ್ನು ಮುಟ್ಟಲೇಬೇಕು. 0.1 ಮಿಮೀ ಸಂದು ಉಳಿದರೂ ಅದು ತುಂಡು ತಂತಿಯಾಗುತ್ತದೆ. ಅಖಂಡ ತಂತಿ ಕಡಿಮೆ ಆವರ್ತಾಂಕಗಳಲ್ಲೆಲ್ಲ ಋಣ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಅಳತೆ) ಕೊಡುತ್ತದೆ, ತುಂಡು ತಂತಿ ತನ್ನ ಅನುರಣನದ ಮೇಲಿನ ಒಂದು ಆವರ್ತಾಂಕ ಪಟ್ಟಿಯಲ್ಲಷ್ಟೇ ಕೊಡುತ್ತದೆ. ಗೋಡೆಯ ಬಳಿ ಹಿಗ್ಗಿಸಿ ನೋಡಿ.

## ಹಂತ 3: ಕೋಶದ ಬದಿ ಮತ್ತು ವಿವರ್ತನೆ

ಆವರ್ತಕ ರಚನೆ ಎಂದ ಮೇಲೆ ವಿವರ್ತನೆಯ ಹೆಚ್ಚುವರಿ ಅಲೆಗಳು ಹುಟ್ಟುವ ಸಾಧ್ಯತೆ ಇದ್ದೇ ಇರುತ್ತದೆ. ಗಾಳಿಯಲ್ಲಿ ಒಂದೇ ಅಲೆ ಉಳಿಯಬೇಕಾದರೆ ಕೋಶದ ಬದಿ, ತರಂಗದೂರವನ್ನು ‘1 + ಸೈನ್ ಪತನ ಕೋನ’ದಿಂದ ಭಾಗಿಸಿದಷ್ಟಕ್ಕಿಂತ ಕಡಿಮೆಯಿರಬೇಕು. 10 ಮಿಮೀ ಕೋಶಕ್ಕೆ ನೇರ ಪತನದಲ್ಲಿ ಮಿತಿ 30 ಗಿಗಾಹರ್ಟ್ಸ್. 60 ಡಿಗ್ರಿ ಓರೆಯಲ್ಲಿ ಅದು ಸುಮಾರು 16 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ. ನೇರ ಪತನಕ್ಕೆ ಸರಿಯಿದ್ದ ಸೆಟ್ಟಿಂಗನ್ನೇ ಓರೆ ಪತನಕ್ಕೂ ಬಳಸಿದಾಗ ಶಕ್ತಿ ‘ಕಾಣೆಯಾಗುವುದು’ ಇದೇ ಕಾರಣಕ್ಕೆ. ಪೋರ್ಟ್ ಗಾಜಿನಲ್ಲೋ ಸಿಲಿಕಾನ್‌ನಲ್ಲೋ ಇದ್ದರೆ ಆ ಬದಿಗೆ ಅದರೊಳಗಿನ ತರಂಗದೂರವನ್ನು ತೆಗೆದುಕೊಳ್ಳಬೇಕು.

ಫೇಸ್ ಹಂತಹಂತವಾಗಿ ಬದಲಾಗುವ ಮೆಟಾಸರ್ಫೇಸ್‌ಗಳಲ್ಲಿ (ತೆಳು ಹಾಳೆಯಂಥ ಮೆಟಾಮೆಟೀರಿಯಲ್‌ಗಳಲ್ಲಿ) ಹಲವು ಕೋಶಗಳು ಸೇರಿ ಒಂದು ದೊಡ್ಡ ಕೋಶವಾಗುತ್ತವೆ. 5 ಮಿಮೀ ಅಗಲದ 8 ಕೋಶಗಳ ಸಾಲು 40 ಮಿಮೀ. 10 ಗಿಗಾಹರ್ಟ್ಸ್‌ನಲ್ಲಿ ಅದು ತರಂಗದೂರಕ್ಕಿಂತ ದೊಡ್ಡದು. ಆದ್ದರಿಂದ ಸುಮಾರು 48.6 ಡಿಗ್ರಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಅಲೆ ಹೊರಡುತ್ತವೆ. ಮೂರು ದಿಕ್ಕು, ಪ್ರತಿಯೊಂದಕ್ಕೂ ಎರಡು ಧ್ರುವೀಕರಣ. ಪೋರ್ಟ್‌ಗೆ ಕನಿಷ್ಠ 6 ಮೋಡ್ ಬೇಕು. ಒಂದೊಂದು ಕೋಶವನ್ನೂ ಬೇರೆಯಾಗಿ ಆವರ್ತಕ ಗಡಿಯಲ್ಲಿ ಲೆಕ್ಕ ಹಾಕಿ ಫೇಸ್ ಪಟ್ಟಿ ಮಾಡುವಾಗ ‘ನೆರೆಯವೂ ನನ್ನಂಥವೇ’ ಎಂದು ಆ ಗಡಿ ಹೇಳುತ್ತಿರುತ್ತದೆ. ನಿಜವಾದ ಸಾಲಿನಲ್ಲಿ ನೆರೆಯವು ಬೇರೆ. ಹಾಗಾಗಿ ಪಟ್ಟಿ ತಯಾರಾದ ಮೇಲೆ ಇಡೀ ಸಾಲನ್ನು ಒಮ್ಮೆ ಓಡಿಸಲೇಬೇಕು.

## ಹಂತ 4: ಓರೆ ಪತನ: ಫೇಸ್ ಸ್ಥಿರವೋ ಕೋನ ಸ್ಥಿರವೋ

ಅಲೆ ಓರೆಯಾಗಿ ಬಂದಾಗ ಎದುರುಬದುರು ಗೋಡೆಗಳ ನಡುವೆ ಫೇಸ್ ಅಂತರ ಹುಟ್ಟುತ್ತದೆ: ಗಾಳಿಯಲ್ಲಿನ ತರಂಗಸಂಖ್ಯೆ, ಕೋಶದ ಬದಿ ಮತ್ತು ಪತನ ಕೋನದ ಸೈನ್, ಈ ಮೂರರ ಗುಣಲಬ್ಧ. ನಮ್ಮ ಕೋಶಕ್ಕೆ 10 ಗಿಗಾಹರ್ಟ್ಸ್, 30 ಡಿಗ್ರಿಯಲ್ಲಿ ಅದು ಸರಿಸುಮಾರು 60 ಡಿಗ್ರಿ. ಒಂದೊಂದು ಆವರ್ತಾಂಕಕ್ಕೂ ಬೇರೆಯಾಗಿ ಲೆಕ್ಕ ಹಾಕುವ ಫ್ರೀಕ್ವೆನ್ಸಿ ಡೊಮೈನ್ ಸಾಲ್ವರ್‌ಗಳಿಗೆ ಕೋನ ಕೊಟ್ಟರೆ ಪ್ರತಿ ಆವರ್ತಾಂಕಕ್ಕೂ ಫೇಸ್ ಅನ್ನು ಅವೇ ಹೊಂದಿಸಿಕೊಳ್ಳುತ್ತವೆ. ಕೋನದ ಬದಲು ಫೇಸ್ ಅಂತರವನ್ನೇ ಸಂಖ್ಯೆಯಾಗಿ ಕೊಟ್ಟರೆ ಅದು ಇಡೀ ಪಟ್ಟಿಗೆ ಸ್ಥಿರವಾಗಿ ಉಳಿಯುತ್ತದೆ, ಕೋನ ಓಡಾಡತೊಡಗುತ್ತದೆ.

ಅಗಲವಾದ ಪಟ್ಟಿಯ ಪಲ್ಸ್ ಬಳಸುವ ಟೈಮ್ ಡೊಮೈನ್ ವಿಧಾನವಾದ ಎಫ್‌ಡಿಟಿಡಿಯಲ್ಲಿ ಬ್ಲಾಕ್ ಗಡಿ ಹಾಕಿದಾಗ ಇದು ತಾನಾಗಿಯೇ ಆಗುತ್ತದೆ. 10 ಗಿಗಾಹರ್ಟ್ಸ್‌ಗೆ 30 ಡಿಗ್ರಿ ಎಂದು ಹೊಂದಿಸಿದ ಓಟದಲ್ಲಿ 12 ಗಿಗಾಹರ್ಟ್ಸ್‌ನ ಅಲೆ 24.6 ಡಿಗ್ರಿಯಲ್ಲಿ ಬೀಳುತ್ತದೆ, 8 ಗಿಗಾಹರ್ಟ್ಸ್‌ನದು 38.7 ಡಿಗ್ರಿಯಲ್ಲಿ. 5 ಗಿಗಾಹರ್ಟ್ಸ್‌ಗೆ ಬಂದಾಗ ಅಲೆ ಮೇಲ್ಮೈಯನ್ನು ಸವರಿಕೊಂಡೇ ಸಾಗುತ್ತದೆ. ಅದಕ್ಕಿಂತ ಕೆಳಗೆ ಸಾಗುವ ಅಲೆಯೇ ಇಲ್ಲ. ಹೀಗೆ ಬಂದ ವಕ್ರರೇಖೆಗೆ ‘30 ಡಿಗ್ರಿ’ ಎಂದು ಹಣೆಪಟ್ಟಿ ಕಟ್ಟುವುದು ತಪ್ಪು. ಒಂದೊಂದು ಆವರ್ತಾಂಕಕ್ಕೂ ಬೇರೆ ಓಟ ನಡೆಸಿ, ಅಥವಾ ಹಲವು ಫೇಸ್‌ಗಳಿಗೆ ಓಡಿಸಿ ಬೇಕಾದ ಕೋನದ ಬಿಂದುಗಳನ್ನು ಆಯ್ದುಕೊಳ್ಳಿ. ಲುಮೆರಿಕಲ್‌ನಲ್ಲಿ ಕೋನವನ್ನು ಸ್ಥಿರವಾಗಿಡುವ ಬಿಎಫ್‌ಎಎಸ್‌ಟಿ ಎಂಬ ವಿಧಾನ ಇದೆ.

ಇಲ್ಲಿ ಇನ್ನೂ ಎರಡು ವಿಷಯ ಎಡವಿಸುತ್ತವೆ. ಮೊದಲನೆಯದು ಜೋಡಿ ಗೋಡೆಗಳ ದಿಕ್ಕು. ಯಾವುದು ಮುಂದಿನ ಗೋಡೆ, ಯಾವುದು ಹಿಂದಿನದು ಎಂಬುದು ಅದಲುಬದಲಾದರೆ 30 ಡಿಗ್ರಿ ಹೋಗಿ ಮೈನಸ್ 30 ಆಗುತ್ತದೆ. ಸಮಮಿತಿಯಿರುವ ಕೋಶದಲ್ಲಿ ಇದು ಗೊತ್ತೇ ಆಗುವುದಿಲ್ಲ, ಫೇಸ್ ಇಳಿಜಾರಿನ ಸಾಲಿನಲ್ಲಿ ಅಲೆ ಬೇರೆ ಕಡೆಗೆ ಹೋಗುತ್ತದೆ. ಎಚ್‌ಎಫ್‌ಎಸ್‌ಎಸ್‌ನಲ್ಲಿ ಎರಡೂ ಮುಖಗಳ ಯು ಮತ್ತು ವಿ ಬಾಣಗಳು ಒಂದೇ ದಿಕ್ಕಿಗಿವೆಯೇ ನೋಡಿ. ಎರಡನೆಯದು ಟಿಇ, ಟಿಎಂ ಎಂಬ ಹೆಸರುಗಳು: ಅಲೆಯ ದಿಕ್ಕೂ ಮೇಲ್ಮೈಯ ಲಂಬವೂ ಇರುವ ಪತನ ತಲಕ್ಕೆ ಟಿಇಯಲ್ಲಿ ವಿದ್ಯುತ್ ಕ್ಷೇತ್ರ ಲಂಬ, ಟಿಎಂನಲ್ಲಿ ಕಾಂತಕ್ಷೇತ್ರ. ನೇರ ಪತನದಲ್ಲಿ ಪತನ ತಲ ಎಂಬುದೇ ಇಲ್ಲವಾದ್ದರಿಂದ ಈ ಎರಡರಲ್ಲಿ ಯಾವುದು ಯಾವ ದಿಕ್ಕು ಎಂಬುದನ್ನು ನೀವು ಕೊಟ್ಟ ಫೈ ಕೋನ (ಪತನ ತಲದ ದಿಕ್ಕನ್ನು ಹೇಳುವ ಕೋನ) ತೀರ್ಮಾನಿಸುತ್ತದೆ. ಹೆಸರನ್ನು ನಂಬಬೇಡಿ, ಪೋರ್ಟ್‌ನ ಕ್ಷೇತ್ರದ ಚಿತ್ರ ತೆರೆದು ಬಾಣ ನೋಡಿ.

## ಹಂತ 5: ತುದಿಗಳು: ಪೋರ್ಟ್, ದೂರ, ಹೀರುವ ಪದರ

ರಚನೆಯ ಹತ್ತಿರ ಸಾಗದೆ ಅಲ್ಲೇ ಕ್ಷಯಿಸುವ ಕ್ಷೇತ್ರಗಳಿರುತ್ತವೆ. ಪೋರ್ಟ್ ಅಥವಾ ಪಿಎಂಎಲ್ ಅವುಗಳನ್ನು ಮುಟ್ಟುವಷ್ಟು ಸಮೀಪದಲ್ಲಿದ್ದರೆ ಉತ್ತರ ಕೆಡುತ್ತದೆ. ಎಷ್ಟು ದೂರ ಬೇಕು ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಕೋಶದ ಬದಿ ತರಂಗದೂರದ ಕಾಲು ಭಾಗವಿದ್ದರೆ, ನೇರ ಪತನದಲ್ಲಿ ಮೊದಲ ಕ್ಷಯಿಸುವ ಅಲೆ ಅರ್ಧ ಕೋಶದ ದೂರದಲ್ಲಿ 26 ಡೆಸಿಬೆಲ್ ಇಳಿಯುತ್ತದೆ, ಒಂದು ಕೋಶದ ದೂರದಲ್ಲಿ 53 ಡೆಸಿಬೆಲ್. ಅಂದರೆ ಒಂದು ಬದಿಯಷ್ಟು ದೂರ ಸಾಕು. ಬದಿ ತರಂಗದೂರದ 0.9 ಭಾಗವಿದ್ದರೆ ಅದೇ ದೂರದಲ್ಲಿ ಇಳಿಯುವುದು 24 ಡೆಸಿಬೆಲ್ ಮಾತ್ರ. ಆಗ ಎರಡು ಬದಿಗಿಂತಲೂ ಹೆಚ್ಚು ದೂರ ಬಿಡಬೇಕು, ಅಥವಾ ಆ ಕ್ಷಯಿಸುವ ಮೋಡ್‌ಗಳನ್ನೂ ಪೋರ್ಟ್‌ಗೆ ಸೇರಿಸಬೇಕು.

ತುದಿಯಲ್ಲಿ ಸರಳವಾದ ರೇಡಿಯೇಶನ್ ಗಡಿ ಇಡುವುದಾದರೆ ಅದು ನೇರ ಪತನಕ್ಕೆ ಮಾತ್ರ ಎಂದು ತಿಳಿಯಿರಿ. ಮೊದಲ ದರ್ಜೆಯ ಇಂಥ ಗಡಿ 45 ಡಿಗ್ರಿಯಲ್ಲಿ −15 ಡೆಸಿಬೆಲ್, 60 ಡಿಗ್ರಿಯಲ್ಲಿ −9.5 ಡೆಸಿಬೆಲ್ ಪ್ರತಿಫಲಿಸುತ್ತದೆ. ಪಿಎಂಎಲ್ ಇದಕ್ಕಿಂತ ಎಷ್ಟೋ ಮೇಲು, ಆದರೂ ಅದಕ್ಕೂ ಕೋನದ ಮಿತಿಯಿದೆ. ಡೆಸಿಬೆಲ್‌ನಲ್ಲಿ ಅದರ ಹೀರಿಕೆ ಕೋನದ ಕೊಸೈನ್‌ಗೆ ತಕ್ಕಂತೆ ಕುಗ್ಗುತ್ತದೆ. ನೇರ ಪತನಕ್ಕೆ −60 ಡೆಸಿಬೆಲ್ ಎಂದು ಹೊಂದಿಸಿದ ಪದರ 60 ಡಿಗ್ರಿಯಲ್ಲಿ −30 ಕೊಡುತ್ತದೆ, 80 ಡಿಗ್ರಿಯಲ್ಲಿ ಬರೀ −10ರ ಆಸುಪಾಸು. ಸವರುವ ಕೋನಗಳು ಬೇಕಿದ್ದರೆ ಪದರವನ್ನು ದಪ್ಪ ಮಾಡಿ. ದೂರ ಮತ್ತು ದಪ್ಪವನ್ನು ಪಟ್ಟಿಯ ಅತಿ ಕಡಿಮೆ ಆವರ್ತಾಂಕಕ್ಕೆ ಲೆಕ್ಕ ಹಾಕಿ.

ಪಿಎಂಎಲ್ ಒಳಗೆ ಏನು ಚಾಚಿಕೊಂಡಿದೆ ಎಂಬುದು ಹೆಚ್ಚು ಅಪಾಯದ ವಿಷಯ. ಸಾದಾ ಸಬ್‌ಸ್ಟ್ರೇಟ್ ಒಳಹೊಕ್ಕರೆ ತೊಂದರೆಯಿಲ್ಲ. ಋಣ ವಕ್ರೀಭವನದ ಮಾಧ್ಯಮ ಒಳಹೊಕ್ಕರೆ ಸಾಮಾನ್ಯ ಪಿಎಂಎಲ್ ಅಲೆಯನ್ನು ಹೀರುವ ಬದಲು ಬೆಳೆಸುತ್ತದೆ. ಅಂಥ ಮಾಧ್ಯಮದಲ್ಲಿ ಫೇಸ್ ಒಂದು ಕಡೆ, ಶಕ್ತಿ ಇನ್ನೊಂದು ಕಡೆ ಸಾಗುವುದೇ ಇದಕ್ಕೆ ಕಾರಣ. ಟೈಮ್ ಡೊಮೈನ್ ಓಟದಲ್ಲಿ ಶಕ್ತಿ ಇಳಿಯುವ ಬದಲು ಏರುತ್ತಾ ಹೋದರೆ ಮೊದಲು ಇಲ್ಲಿ ನೋಡಿ. ಆವರ್ತಕ ರಚನೆಯೇ ಸಾಗುವ ದಿಕ್ಕಿನಲ್ಲಿ ಪಿಎಂಎಲ್ ಒಳಗೆ ಮುಂದುವರಿದಿದ್ದರೂ ಪ್ರತಿಫಲನ ತಪ್ಪಿದ್ದಲ್ಲ. ರಚನೆಯನ್ನು ಗಾಳಿಯಲ್ಲಿ ಮುಗಿಸಿ. ಸಾಧ್ಯವಿಲ್ಲದಿದ್ದರೆ ನಷ್ಟವನ್ನು ನಿಧಾನವಾಗಿ ಏರಿಸುತ್ತಾ ಹೋಗುವ ಉದ್ದನೆಯ ಹೀರುಪದರ ಬಳಸಿ.

ಎಫ್‌ಡಿಟಿಡಿಯಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಜೋಡಣೆಯ ಕ್ರಮ ಹೀಗಿರಲಿ: ಪಿಎಂಎಲ್, ಪ್ರತಿಫಲನ ಅಳೆಯುವ ತಲ, ಅಲೆಯ ಮೂಲ, ರಚನೆ, ದಾಟಿದ ಅಲೆಯನ್ನು ಅಳೆಯುವ ತಲ, ಪಿಎಂಎಲ್. ಈ ಎರಡನೆಯ ಪಿಎಂಎಲ್ ಹಿಂದೆ ನೆಲಫಲಕವಿರುವ ರಚನೆಗಳಿಗೆ ಬೇಕಿಲ್ಲ.

## ಹಂತ 6: ಲೋಹದ ಮೇಲ್ಮೈ

ಲೋಹವೂ ಒಂದು ಗಡಿಯೇ. 10 ಗಿಗಾಹರ್ಟ್ಸ್‌ನಲ್ಲಿ ತಾಮ್ರದೊಳಗೆ ಕ್ಷೇತ್ರ ಇಳಿಯುವ ಆಳ ಸುಮಾರು 0.66 ಮೈಕ್ರೊಮೀಟರ್. 35 ಮೈಕ್ರೊಮೀಟರ್ ಹಾಳೆಯ ಒಳಗೆ ಜಾಲರಿ (ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ತುಂಡುಗಳಾಗಿ ಒಡೆಯುವ ಮೆಶ್) ಕಟ್ಟುವುದು ವ್ಯರ್ಥ. ಲೋಹದ ಪರಿಣಾಮವನ್ನು ಮೇಲ್ಮೈಯಲ್ಲಷ್ಟೇ ಲೆಕ್ಕ ಹಾಕುವ ಮೇಲ್ಮೈ ಇಂಪಿಡೆನ್ಸ್ ಗಡಿ ಸಾಕು. ಟೆರಾಹರ್ಟ್ಸ್‌ನಲ್ಲಿ ಈ ಜಾಣತನ ತಿರುಗುಬಾಣವಾಗುತ್ತದೆ. 1 ಟೆರಾಹರ್ಟ್ಸ್‌ನಲ್ಲಿ ಚಿನ್ನದ ಆಳ ಸುಮಾರು 80 ನ್ಯಾನೊಮೀಟರ್, ಪದರವೇ 100 ನ್ಯಾನೊಮೀಟರ್ ಇದ್ದರೆ ಎರಡೂ ಮುಖಗಳ ಕ್ಷೇತ್ರಗಳು ಸೇರುತ್ತವೆ. ಆಗ ತೆಳುಪದರಕ್ಕೆಂದೇ ಇರುವ ಗಡಿ ಬೇಕು, ಇಲ್ಲವೇ ಒಳಗೂ ಜಾಲರಿ ಬೇಕು. ಬೆಳಕಿನ ಆವರ್ತಾಂಕಗಳಲ್ಲಿ ಪಿಇಸಿ ಲೋಹ ಎಂಬುದನ್ನು ಮರೆತುಬಿಡಿ.

## ಹಂತ 7: ಜಾಲರಿ

ಜೋಡಿ ಗೋಡೆಗಳ ಮೇಲಿನ ಜಾಲರಿ ಒಂದಕ್ಕೊಂದು ಹೊಂದಬೇಕು. ಎಚ್‌ಎಫ್‌ಎಸ್‌ಎಸ್ ಮತ್ತು ಸಿಎಸ್‌ಟಿ ಇದನ್ನು ತಾವೇ ನೋಡಿಕೊಳ್ಳುತ್ತವೆ. ಕಾಮ್ಸಾಲ್‌ನಲ್ಲಿ ನೀವೇ ಜಾಲರಿ ಕಟ್ಟುವುದಾದರೆ ಒಂದು ಮುಖಕ್ಕೆ ಮೊದಲು ಕಟ್ಟಿ, ಅದನ್ನು ಎದುರು ಮುಖಕ್ಕೆ ನಕಲಿಸಿ, ಆಮೇಲೆ ಒಳಭಾಗಕ್ಕೆ ಹೋಗಿ. ಒಂದು ಗೋಡೆಯನ್ನು ಮುಟ್ಟಿದ ಲೋಹ ಎದುರು ಗೋಡೆಯ ಅದೇ ಜಾಗದಲ್ಲಿ ಇರಲೇಬೇಕು ಎಂಬುದನ್ನೂ ಪರೀಕ್ಷಿಸಿ.

## ಹಂತ 8: ನಿಜವಾದ ರಚನೆಗೆ ಮೊದಲು ಪರೀಕ್ಷೆಗಳು

ಈ ಹಂತವನ್ನು ಬಿಡುವವರೇ ವಾರಗಟ್ಟಲೆ ದಾರಿ ತಪ್ಪುತ್ತಾರೆ. ಪ್ರತಿ ಪರೀಕ್ಷೆಯ ಉತ್ತರವೂ ಮೊದಲೇ ಗೊತ್ತಿರುವುದರಿಂದ ತಪ್ಪು ಎಲ್ಲಿದೆ ಎಂಬುದು ತಕ್ಷಣ ಸಿಗುತ್ತದೆ.

1. ಖಾಲಿ ಕೋಶ. ರಚನೆಯನ್ನು ತೆಗೆದು ಗಾಳಿಯನ್ನಷ್ಟೇ ಉಳಿಸಿ. ಪೋರ್ಟ್‌ಗಳ ನಡುವೆ 10 ಮಿಮೀ ಇದ್ದರೆ 10 ಗಿಗಾಹರ್ಟ್ಸ್‌ನಲ್ಲಿ ಎಸ್21ರ ಪ್ರಮಾಣ 1, ಫೇಸ್ 120.1 ಡಿಗ್ರಿ ಬರಬೇಕು. ಎಚ್‌ಎಫ್‌ಎಸ್‌ಎಸ್, ಸಿಎಸ್‌ಟಿ, ಕಾಮ್ಸಾಲ್‌ಗಳಲ್ಲಿ ಅದರ ಚಿಹ್ನೆ ಋಣ. ಮೀಪ್ ಮತ್ತು ಲುಮೆರಿಕಲ್ ಕಾಲದ ಚಿಹ್ನೆಯನ್ನು ತಿರುಗಿಸಿ ಬಳಸುವುದರಿಂದ ಧನ. ಈ ವ್ಯತ್ಯಾಸವನ್ನು ಇಲ್ಲಿಯೇ ಬರೆದಿಟ್ಟುಕೊಳ್ಳಿ, ಮುಂದೆ ಸೂಚ್ಯಂಕ ತೆಗೆಯುವಾಗ ಬೇಕಾಗುತ್ತದೆ.

2. ಸಾದಾ ಫಲಕ. ಸಾಪೇಕ್ಷ ಪರ್ಮಿಟಿವಿಟಿ 4 ಇರುವ, ನಷ್ಟವಿಲ್ಲದ, 3.75 ಮಿಮೀ ದಪ್ಪದ ಫಲಕ ಇಡಿ. ನೇರ ಪತನದಲ್ಲಿ 10 ಗಿಗಾಹರ್ಟ್ಸ್‌ಗೆ ಪ್ರತಿಫಲನದ ಪ್ರಮಾಣವಾದ ಎಸ್11 0.6, ಎಸ್21 0.8 ಬರಬೇಕು. 20 ಗಿಗಾಹರ್ಟ್ಸ್‌ನಲ್ಲಿ ಪ್ರತಿಫಲನ ಸೊನ್ನೆಯಾಗಬೇಕು.

3. ಬ್ರೂಸ್ಟರ್ ಕೋನ. ಅದೇ ಫಲಕಕ್ಕೆ 63.4 ಡಿಗ್ರಿಯಲ್ಲಿ ಅಲೆ ಹಾಯಿಸಿ. ಟಿಎಂ ಅಲೆಯ ಪ್ರತಿಫಲನ ಎಲ್ಲ ಆವರ್ತಾಂಕಗಳಲ್ಲೂ ಸೊನ್ನೆಗೆ ಹತ್ತಿರ ಇರಬೇಕು, ಟಿಇಯದು ಹಾಗಿರುವುದಿಲ್ಲ. ನನಗೆ ಇದಕ್ಕಿಂತ ಇಷ್ಟವಾದ ಪರೀಕ್ಷೆ ಇಲ್ಲ. ಫೇಸ್ ಅಂತರ, ಕೋನ ಸ್ಥಿರವಾಗಿದೆಯೇ ಎಂಬುದು, ಧ್ರುವೀಕರಣದ ಹೆಸರು, ತುದಿಯ ಹೀರಿಕೆ ಎಲ್ಲವೂ ಒಂದೇ ಏಟಿಗೆ ಪರೀಕ್ಷೆಗೆ ಒಳಗಾಗುತ್ತವೆ. ಪ್ರತಿಫಲನ ಒಂದೇ ಆವರ್ತಾಂಕದಲ್ಲಿ ಸೊನ್ನೆಯಾಗಿ ಎರಡೂ ಕಡೆ ಏರಿದರೆ, ಕೋನದ ಬದಲು ಫೇಸ್ ಸ್ಥಿರವಾಗಿದೆಯೇ ಎಂದು ಮೊದಲು ನೋಡಿ.

4. ಜೋಡಿ ಕೋಶ. ಈಗ ನಿಜವಾದ ರಚನೆ. ಒಂದು ಕೋಶದ ಬದಲು ಪಕ್ಕಪಕ್ಕದಲ್ಲಿ ಎರಡನ್ನಿಟ್ಟು ಅದೇ ಗಡಿಗಳಲ್ಲಿ ಓಡಿಸಿ. ಉತ್ತರ ಬದಲಾಗಬಾರದು. ಪಿಇಸಿ–ಪಿಎಂಸಿ ಗೋಡೆಗಳಲ್ಲಿ ಬದಲಾದರೆ ಹಂತ 2ರ ಪ್ರತಿಬಿಂಬದ ತಪ್ಪು ನಿಮ್ಮಲ್ಲಿದೆ. ಇದನ್ನು ಎರಡೂ ಅಡ್ಡ ದಿಕ್ಕುಗಳಲ್ಲಿ ಮಾಡಿ.

5. ದೂರ ಬದಲಿಸುವುದು. ಪೋರ್ಟ್ ಅಥವಾ ಪಿಎಂಎಲ್ ಅನ್ನು ಅರ್ಧ ಕೋಶದಷ್ಟು ಆಚೆ ಸರಿಸಿ. ಪ್ರಮಾಣ ಬದಲಾಗದೆ ಫೇಸ್ ಮಾತ್ರ ಲೆಕ್ಕದಂತೆ ಬದಲಾಗಬೇಕು.

## ಹಂತ 9: ಫಲಿತಾಂಶ ಓದುವಾಗ

ಹೀರುವ ಮೆಟಾಸರ್ಫೇಸ್‌ಗಳಲ್ಲಿ ‘ಹೀರಿಕೆ ಎಂದರೆ 1ರಿಂದ ಎಸ್11ರ ವರ್ಗ ಕಳೆದದ್ದು’ ಎಂಬ ಸೂತ್ರವನ್ನು ಕಣ್ಣುಮುಚ್ಚಿ ಬಳಸಲಾಗುತ್ತದೆ. ರಚನೆ ಧ್ರುವೀಕರಣವನ್ನು ತಿರುಗಿಸಿದರೆ ಬಿದ್ದ ಧ್ರುವೀಕರಣದ ಪ್ರತಿಫಲನ ಸೊನ್ನೆಯಾಗಿ, ಎಲ್ಲ ಶಕ್ತಿಯೂ ಅಡ್ಡ ಧ್ರುವೀಕರಣದಲ್ಲಿ ಮರಳುತ್ತದೆ. ಅದನ್ನು ಕಳೆಯದಿದ್ದರೆ ಒಳ್ಳೆಯ ಧ್ರುವೀಕರಣ ಪರಿವರ್ತಕವೊಂದು ಪರಿಪೂರ್ಣ ಹೀರುಗನಂತೆ ಕಾಣುತ್ತದೆ. ಎರಡೂ ಧ್ರುವೀಕರಣಗಳನ್ನೂ, ಸಾಗುವ ಎಲ್ಲ ವಿವರ್ತನ ಅಲೆಗಳನ್ನೂ ಕಳೆಯಿರಿ. ಸುಲಭದ ಪರೀಕ್ಷೆಯೊಂದಿದೆ: ಎಲ್ಲ ನಷ್ಟಗಳನ್ನೂ ಸೊನ್ನೆ ಮಾಡಿ ಓಡಿಸಿ. ಆಗಲೂ ‘ಹೀರಿಕೆ’ ಉಳಿದರೆ ಅದು ಲೆಕ್ಕಕ್ಕೆ ಸೇರದ ಅಲೆಯೊಂದರಲ್ಲಿ ಹೊರಟುಹೋದ ಶಕ್ತಿ.

ಎಸ್-ಪ್ಯಾರಾಮೀಟರ್‌ಗಳಿಂದ ವಕ್ರೀಭವನ ಸೂಚ್ಯಂಕ ತೆಗೆಯುವವರು ಮೊದಲು ಉಲ್ಲೇಖ ತಲಗಳನ್ನು, ಅಂದರೆ ಫೇಸ್ ಅಳೆಯಲು ಆರಂಭಿಸುವ ತಲಗಳನ್ನು, ರಚನೆಯ ಮುಖಗಳಿಗೆ ತರಬೇಕು. 10 ಮಿಮೀ ದೂರದ ಪೋರ್ಟ್ 10 ಗಿಗಾಹರ್ಟ್ಸ್‌ನಲ್ಲಿ ಎಸ್21ಕ್ಕೆ ಪ್ರತಿ ಬದಿಯಿಂದ 120 ಡಿಗ್ರಿ, ಎಸ್11ಕ್ಕೆ ಹೋಗಿಬರುವ 240 ಡಿಗ್ರಿ ಸೇರಿಸುತ್ತದೆ. ಅದನ್ನು ತೆಗೆಯದೆ ಬರುವ ಸೂಚ್ಯಂಕಕ್ಕೆ ಅರ್ಥವಿಲ್ಲ. ಪೋರ್ಟನ್ನು 50 ಓಮ್‌ಗೆ ಹೊಂದಿಸುವ ಆಯ್ಕೆಯನ್ನು ಮುಟ್ಟಬೇಡಿ. ನೇರ ಪತನದಲ್ಲಿ ಇಲ್ಲಿ ಹೋಲಿಕೆ ನಡೆಯುವುದು ಬಯಲಿನ 377 ಓಮ್ ಜೊತೆ. ನಂತರ ಒಂದು, ಎರಡು, ಮೂರು ಪದರಗಳಿಗೆ ಲೆಕ್ಕ ಮಾಡಿ. ಫೇಸ್‌ನ ಸರಿಯಾದ ಕವಲನ್ನು (360 ಡಿಗ್ರಿಯ ಎಷ್ಟು ಸುತ್ತು ಸೇರಿಸಬೇಕೆಂಬುದನ್ನು) ಹಿಡಿದಿದ್ದರೆ ಮೂರೂ ಉತ್ತರಗಳು ಹೆಚ್ಚುಕಡಿಮೆ ಒಂದಾಗುತ್ತವೆ. ಎಸ್11 ಮತ್ತು ಎಸ್22 ಬೇರೆಯಾಗಿದ್ದರೆ ಸಾಮಾನ್ಯ ಸೂತ್ರ ನಡೆಯುವುದಿಲ್ಲ, ಎರಡು ಮುಖಗಳ ಭೇದವನ್ನು ಒಳಗೊಂಡ ಸೂತ್ರ ಬೇಕು.

## ಪೋರ್ಟ್ ಇಲ್ಲದ ಲೆಕ್ಕ: ಡಿಸ್ಪರ್ಶನ್ ರೇಖೆಗಳು (ಫೇಸ್‌ಗೆ ತಕ್ಕಂತೆ ಆವರ್ತಾಂಕ)

ಹೊರಗಿನ ಅಲೆಯಿಲ್ಲದೆ ರಚನೆಯದೇ ಮೋಡ್‌ಗಳನ್ನು ಹುಡುಕುವ ಐಗನ್‌ಮೋಡ್ ಸಾಲ್ವರ್‌ನಲ್ಲಿ ಪಕ್ಕದ ಗೋಡೆಗಳ ಫೇಸ್ ಅನ್ನು 0ಯಿಂದ 180 ಡಿಗ್ರಿವರೆಗೆ ಬದಲಿಸಿ ಆವರ್ತಾಂಕ ಹುಡುಕುತ್ತೇವೆ. ಸರಿಯಾಗಿ 0ಯಲ್ಲಿ ಅರ್ಥವಿಲ್ಲದ ಮೋಡ್‌ಗಳು ಬರುವುದರಿಂದ ಸ್ವಲ್ಪ ಮೇಲಿನಿಂದ ಆರಂಭಿಸಿ. ಮೇಲ್ಮೈ ಅಲೆಗಳ ಲೆಕ್ಕದಲ್ಲಿ ರಚನೆಯ ಮೇಲೆ ಹಲವು ಕೋಶಗಳಷ್ಟು ಗಾಳಿ ಬಿಟ್ಟು ಪಿಇಸಿ ಮುಚ್ಚಳ ಹಾಕುವ ರೂಢಿಯಿದೆ. ಬೆಳಕಿನ ರೇಖೆಯ (ಗಾಳಿಯಲ್ಲಿ ಮೇಲ್ಮೈಯುದ್ದಕ್ಕೂ ಸಾಗುವ ಅಲೆಯ ರೇಖೆಯ) ಕೆಳಗಿನ ಮೋಡ್‌ಗಳಿಗೆ ಅದು ತೊಂದರೆ ಮಾಡುವುದಿಲ್ಲ; 10 ಮಿಮೀ ಕೋಶಕ್ಕೆ ಆ ರೇಖೆ 180 ಡಿಗ್ರಿಯಲ್ಲಿ 15 ಗಿಗಾಹರ್ಟ್ಸ್ ಮುಟ್ಟುತ್ತದೆ. ರೇಖೆಯ ಮೇಲೆ ಕಾಣುವವುಗಳನ್ನು ಮುಚ್ಚಳದ ಎತ್ತರ ಬದಲಿಸಿ ಪರೀಕ್ಷಿಸಿ. ಎತ್ತರದೊಂದಿಗೆ ಸರಿಯುವ ಮೋಡ್ ಪೆಟ್ಟಿಗೆಯದು, ರಚನೆಯದಲ್ಲ.

## ಎಚ್ಚರಿಕೆಯ ಚಿಹ್ನೆಗಳು

ಎಸ್-ಪ್ಯಾರಾಮೀಟರ್‌ಗಳ ವರ್ಗಗಳ ಮೊತ್ತ 1 ದಾಟುತ್ತಿದೆ. ಪೋರ್ಟ್ ತೀರಾ ಸಮೀಪದಲ್ಲಿದೆ, ಜಾಲರಿ ಒರಟಾಗಿದೆ, ಇಲ್ಲವೇ ಟೈಮ್ ಡೊಮೈನ್ ಓಟವನ್ನು ಬೇಗ ನಿಲ್ಲಿಸಿದ್ದೀರಿ.

ವಕ್ರರೇಖೆಯ ಮೇಲೆ ಸಮಾನ ಅಂತರದ ಸಣ್ಣ ಅಲೆಗಳಿವೆ. ಓಟ ಬೇಗ ನಿಂತಿದೆ, ಅಥವಾ ತುದಿಗಳ ಪ್ರತಿಫಲನ ಒಳಗೇ ಓಡಾಡುತ್ತಿದೆ. ಓಟವನ್ನು ಎರಡು ಪಟ್ಟು ಉದ್ದ ಮಾಡಿ. ಅಲೆಗಳು ಮಾಯವಾದರೆ ಮೊದಲನೆಯದು, ಉಳಿದರೆ ಎರಡನೆಯದು.

ಒಂದು ಆವರ್ತಾಂಕದಲ್ಲಿ ಚೂಪಾದ ಮುರಿತ, ಅದರ ಮೇಲೆ ಶಕ್ತಿ ಕಾಣೆ. ಹೊಸ ವಿವರ್ತನ ಅಲೆ ಹುಟ್ಟಿದೆ, ಪೋರ್ಟ್‌ನಲ್ಲಿ ಅದಕ್ಕೆ ಮೋಡ್ ಇಲ್ಲ. ಹಂತ 3ರ ಲೆಕ್ಕದಿಂದ ಆ ಆವರ್ತಾಂಕ ಬರುತ್ತದೆಯೇ ನೋಡಿ.

ಕೋನ 0 ಡಿಗ್ರಿಯಿಂದ 1 ಡಿಗ್ರಿಗೆ ಹೋದಾಗ ಹೊಸ ಕಿರಿದಾದ ಅನುರಣನ ಹುಟ್ಟಿದೆ. ಇದು ತಪ್ಪಾಗಿರಬೇಕಿಲ್ಲ. ನೇರ ಪತನದಲ್ಲಿ ಸಮಮಿತಿಯಿಂದ ಅಡಗಿರುವ ಮೋಡ್‌ಗಳು ಓರೆಯಲ್ಲಿ ನಿಜವಾಗಿಯೂ ಎಚ್ಚರಗೊಳ್ಳುತ್ತವೆ. ಜಾಲರಿಯನ್ನು ನಯಗೊಳಿಸಿದ ಮೇಲೂ ಅದು ಅದೇ ಜಾಗದಲ್ಲಿ ಉಳಿದರೆ ನಂಬಬಹುದು.

ಸಿಮ್ಯುಲೇಶನ್‌ಗಿಂತ ಅಳತೆಯ ಅನುರಣನ ಮಂಕಾಗಿದೆ, ಅಂಚಿನಲ್ಲಿ ಏರಿಳಿತವಿದೆ. ಆವರ್ತಕ ಗಡಿ ಅನಂತ ಹಾಳೆಯ ಮಾತು ಹೇಳುತ್ತದೆ, ನಿಮ್ಮ ಮಾದರಿಗೆ ಅಂಚುಗಳಿವೆ. ಇದನ್ನು ಕೋಶದ ಲೆಕ್ಕದಿಂದ ಸರಿಪಡಿಸಲಾಗದು. ಕೆಲವೇ ಕೋಶಗಳ ಸಾಲನ್ನು ಒಂದು ಅಡ್ಡ ದಿಕ್ಕಿನಲ್ಲಿ ಆವರ್ತಕ ಗಡಿ, ಇನ್ನೊಂದರಲ್ಲಿ ಪಿಎಂಎಲ್ ಕೊಟ್ಟು ಓಡಿಸಿ. ಅಂಚಿನ ಪಾಲು ಎಷ್ಟೆಂಬ ಅಂದಾಜು ಸಿಗುತ್ತದೆ. ಒಂದೇ ಕೋಶದ ನಾಲ್ಕೂ ಪಕ್ಕಕ್ಕೆ ಪಿಎಂಎಲ್ ಕೊಟ್ಟರೆ ಸಿಗುವುದು ಬಯಲಿನಲ್ಲಿ ಒಂಟಿಯಾಗಿ ನಿಂತ ಕೋಶದ ಉತ್ತರ. ಅದನ್ನು ಹಾಳೆಯ ಅಳತೆಯೊಂದಿಗೆ ಹೋಲಿಸಬೇಡಿ.